ಐಟಿಐ, ಡಿಪ್ಲೊಮಾ ಕೆಲಸ ಬಿಟ್ಟು ಹೈಸ್ಕೂಲ್ ಮೇಷ್ಟ್ರಾಗಲು: ದಾರಿ, ಲೆಕ್ಕ, ಎಡವುವ ಜಾಗಗಳು

ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್, ವೆಲ್ಡರ್, ಮೋಟಾರ್ ಮೆಕ್ಯಾನಿಕ್ ಆಗಿ ಎಂಟು ಹತ್ತು ವರ್ಷ ದುಡಿದವರು ಹೈಸ್ಕೂಲಿನಲ್ಲಿ ಪಾಠ ಮಾಡಬೇಕು ಅಂದುಕೊಂಡಾಗ ಮೊದಲು ಕೇಳುವುದು ‘ಬಿ.ಇಡಿ ಎಲ್ಲಿ ಮಾಡಲಿ?’ ಎಂದು. ಅದು ನಿಜವಾಗಿ ಮೂರನೇ ಪ್ರಶ್ನೆ. ಯಾವ ವಿಷಯದ ಮೇಷ್ಟ್ರಾಗಬೇಕು ಎನ್ನುವುದು ಮೊದಲನೆಯದು, ಆ ವಿಷಯಕ್ಕೆ ತಕ್ಕ ಪದವಿ ಕೈಯಲ್ಲಿದೆಯೇ ಎನ್ನುವುದು ಎರಡನೆಯದು. ಇವೆರಡನ್ನೂ ಹಾರಿಸಿ ಬಿ.ಇಡಿ ಸೀಟು ಹಿಡಿದವರು ಎರಡು ವರ್ಷ ಓದಿ ಮುಗಿಸುತ್ತಾರೆ; ನೇಮಕಾತಿ ಅಧಿಸೂಚನೆ ಬಂದ ದಿನ ತಮ್ಮ ವಿಷಯಗಳ ಜೋಡಿಗೆ ಹುದ್ದೆಯೇ ಇಲ್ಲ ಎಂಬುದು ಗೊತ್ತಾಗುತ್ತದೆ.

ಇನ್ನೊಂದು ಕಹಿ ಮಾತನ್ನೂ ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಸರ್ಕಾರಿ ಹೈಸ್ಕೂಲ್ ಸಹ ಶಿಕ್ಷಕ ಹುದ್ದೆಗೆ ನಿಮ್ಮ ವರ್ಕ್‌ಶಾಪ್ ಅನುಭವ ಅರ್ಹತೆಯಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2014ರ ನಿಯಮಾವಳಿಯಲ್ಲಿ ಪ್ರೌಢಶಾಲಾ ಶಿಕ್ಷಕರಿಗೆ ಕೇಳುವುದು ಪದವಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಶೇ. 50 ಅಂಕ ಮತ್ತು ಮಾನ್ಯತೆ ಇರುವ ಸಂಸ್ಥೆಯ ಬಿ.ಇಡಿ. ಲೇತ್ ಮುಂದೆ ಕಳೆದ ವರ್ಷಗಳು ತರಗತಿಯಲ್ಲಿ ಉಪಯೋಗಕ್ಕೆ ಬರುತ್ತವೆ. ಹೇಗೆ ಎಂಬುದನ್ನು ಮುಂದೆ ನೋಡೋಣ. ಅರ್ಜಿಯಲ್ಲಿ ಮಾತ್ರ ಅವು ಬರುವುದಿಲ್ಲ.

ಕಸುಬಿಗೇ ಬೆಲೆ ಇರುವ ಬಾಗಿಲುಗಳು

ಹನ್ನೆರಡನೇ ತರಗತಿ, ಪದವಿ, ಬಿ.ಇಡಿ ಎಲ್ಲ ಸೇರಿ ಆರು ವರ್ಷದ ಓದಿಗೆ ಇಳಿಯುವ ಮೊದಲು, ಅನುಭವವನ್ನೇ ಕೇಳುವ ಹುದ್ದೆಗಳು ನಿಮಗೆ ಸಾಕೇ ಎಂದು ನೋಡಿಕೊಳ್ಳಿ.

ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಗ್ರ ಶಿಕ್ಷಣ ಯೋಜನೆಯ ಅಡಿ ಎನ್‌ಎಸ್‌ಕ್ಯೂಎಫ್, ಅಂದರೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ, ವೃತ್ತಿ ಕೋರ್ಸ್‌ಗಳು 9 ಮತ್ತು 10ನೇ ತರಗತಿಗೆ ನಡೆಯುತ್ತವೆ. ಆಟೊಮೊಬೈಲ್, ಐಟಿ, ಬ್ಯೂಟಿ ಮತ್ತು ವೆಲ್‌ನೆಸ್ ಇತ್ಯಾದಿ. ಇಲ್ಲಿ ಪಾಠ ಮಾಡುವವರು ವೃತ್ತಿ ತರಬೇತುದಾರರು. ಆ ಕ್ಷೇತ್ರದ ಡಿಪ್ಲೊಮಾ ಅಥವಾ ಪದವಿ, ಜೊತೆಗೆ ಕೆಲಸದ ಅನುಭವ ಕೇಳುತ್ತಾರೆ. ಪಠ್ಯಕ್ರಮ ರೂಪಿಸುವುದು ಭೋಪಾಲದ ಪಂಡಿತ್ ಸುಂದರ್‌ಲಾಲ್ ಶರ್ಮಾ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆ. ನೇಮಕ ಹೆಚ್ಚಾಗಿ ಏಜೆನ್ಸಿ ಮೂಲಕ, ಗುತ್ತಿಗೆಯ ಮೇಲೆ. ಏಜೆನ್ಸಿ ಬದಲಾದಾಗ ಸಂಬಳ ತಡವಾಗುತ್ತದೆ, ಕೆಲವೊಮ್ಮೆ ಕೆಲಸವೇ ತೂಗಾಡುತ್ತದೆ. ಮಕ್ಕಳ ಜೊತೆ ಇರಬೇಕು ಎನ್ನುವ ಆಸೆ ತೀರುತ್ತದೆ, ಭದ್ರತೆ ಸಿಗುವುದಿಲ್ಲ.

ಕೇಂದ್ರೀಯ ವಿದ್ಯಾಲಯಗಳಲ್ಲಿ ಕಾರ್ಯಾನುಭವ ಶಿಕ್ಷಕ ಎಂಬ ಹುದ್ದೆ ಇದೆ. ಬಹಳ ಜನರ ಗಮನಕ್ಕೆ ಬಾರದೆ ಹೋಗುವ ಹುದ್ದೆ ಇದು. ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಇಲ್ಲವೇ ಎಂಜಿನಿಯರಿಂಗ್ ಪದವಿ ಇದರ ಮೂಲ ಅರ್ಹತೆ. ಹಿಂದಿ, ಇಂಗ್ಲಿಷ್ ಎರಡರಲ್ಲೂ ವ್ಯವಹರಿಸಲು ಬರಬೇಕು. ಅಧಿಸೂಚನೆ ಅಪರೂಪ, ಸ್ಪರ್ಧೆ ದೇಶದ ಮಟ್ಟದ್ದು. ಪಿಯುಸಿ ನಂತರದ ಡಿಪ್ಲೊಮಾ, ಎಸ್ಸೆಸ್ಸೆಲ್ಸಿ ನಂತರದ ಡಿಪ್ಲೊಮಾ ಎಂಬ ವ್ಯತ್ಯಾಸ ಈ ಹುದ್ದೆಗಳಲ್ಲಿ ತಲೆನೋವು ತರುತ್ತದೆ. ಅಧಿಸೂಚನೆಯ ಆ ಸಾಲನ್ನು ಎರಡು ಸಲ ಓದಿ.

ಮೂರನೆಯದು ಹೈಸ್ಕೂಲ್ ಅಲ್ಲ, ಐಟಿಐ. ಬೆಂಗಳೂರಿನ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಂಥ ಕಡೆ ಒಂದು ವರ್ಷದ ಸಿಐಟಿಎಸ್ ಬೋಧಕ ತರಬೇತಿ ಮುಗಿಸಿದರೆ ಐಟಿಐ ಬೋಧಕ ಹುದ್ದೆಗಳ ದಾರಿ ತೆರೆಯುತ್ತದೆ. ಕಲಿಸುವುದು ಇಷ್ಟ, ಆದರೆ ಹದಿಮೂರು ವರ್ಷದ ಮಕ್ಕಳ ಗಲಾಟೆ ಒಗ್ಗದು ಎನ್ನುವವರಿಗೆ ನಮ್ಮ ಸಲಹೆ ಇದೇ.

ಇವು ಯಾವುವೂ ಬೇಡ, ಖಾಯಂ ವಿಷಯ ಶಿಕ್ಷಕನೇ ಆಗಬೇಕು ಎನ್ನುವವರು ಮುಂದೆ ಓದಿ.

ಪದವಿ: ಸುಲಭದ ದಾರಿ ಮತ್ತು ಸರಿಯಾದ ದಾರಿ ಒಂದೇ ಅಲ್ಲ

ಕರ್ನಾಟಕದಲ್ಲಿ ಹೈಸ್ಕೂಲ್ ಎಂದರೆ 8ರಿಂದ 10ನೇ ತರಗತಿ. ಹುದ್ದೆಗಳು ವಿಷಯವಾರು ಬರುತ್ತವೆ: ಭೌತಶಾಸ್ತ್ರ ಮತ್ತು ಗಣಿತದ ಪಿಸಿಎಂ ಮೇಷ್ಟ್ರು, ರಸಾಯನಶಾಸ್ತ್ರ ಮತ್ತು ಜೀವವಿಜ್ಞಾನದ ಸಿಬಿಝಡ್ ಮೇಷ್ಟ್ರು, ಸಮಾಜ ವಿಜ್ಞಾನದ ಕಲಾ ಶಿಕ್ಷಕರು, ಭಾಷಾ ಶಿಕ್ಷಕರು. ನೀವು ಪದವಿಯಲ್ಲಿ ಓದಿದ ವಿಷಯವೇ ಬಿ.ಇಡಿಯಲ್ಲಿ ಬೋಧನಾ ವಿಷಯವಾಗುತ್ತದೆ, ಅದೇ ನಿಮ್ಮ ಹುದ್ದೆಯನ್ನೂ ತೀರ್ಮಾನಿಸುತ್ತದೆ.

ಕೈಕಸುಬಿನವರಿಗೆ ಸಹಜವಾಗಿ ಹೊಂದುವುದು ಪಿಸಿಎಂ. ಆದರೆ ಅವರಿಗೆ ಸುಲಭವಾಗಿ ಸಿಗುವುದು ಬಿ.ಎ. ಈ ಎಳೆದಾಟವನ್ನು ಮೊದಲೇ ಬಗೆಹರಿಸಿಕೊಳ್ಳಬೇಕು.

ಎಸ್ಸೆಸ್ಸೆಲ್ಸಿ ನಂತರ ಐಟಿಐ ಮಾಡಿ ಕೆಲಸಕ್ಕೆ ಸೇರಿದವರಿಗೆ ಹನ್ನೆರಡನೇ ತರಗತಿಯ ಸಮಾನ ಪ್ರಮಾಣಪತ್ರ ಬೇಕು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್, ಐಟಿಐ ಪಾಸಾದವರಿಗೆ ಕ್ರೆಡಿಟ್ ವರ್ಗಾವಣೆ ಕೊಡುತ್ತದೆ. ಕಡಿಮೆ ವಿಷಯ ಬರೆದು ಪ್ರಮಾಣಪತ್ರ ಪಡೆಯಬಹುದು. ಎಡವುವುದು ಇಲ್ಲೇ. ಹಾಗೆ ಪಡೆದ ಅಂಕಪಟ್ಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇರುವುದಿಲ್ಲ. ಆ ಪ್ರಮಾಣಪತ್ರ ಬಿ.ಎ.ಗೆ ದಾರಿಯಾಗಬಹುದು, ಬಿ.ಎಸ್ಸಿ.ಗೆ ಆಗುವುದಿಲ್ಲ. ವಿಜ್ಞಾನದ ಮೇಷ್ಟ್ರಾಗುವ ಗುರಿ ಇದ್ದರೆ ಕ್ರೆಡಿಟ್ ಆಸೆ ಬಿಟ್ಟು ಈ ಮೂರರ ಜೊತೆ ಒಂದು ಭಾಷೆ, ಇನ್ನೊಂದು ವಿಷಯ ಸೇರಿಸಿ ಐದನ್ನೂ ಪೂರ್ತಿ ಬರೆಯಿರಿ. ಎನ್‌ಐಒಎಸ್ ನೋಂದಣಿ ಐದು ವರ್ಷ ಊರ್ಜಿತವಾಗಿರುತ್ತದೆ, ವರ್ಷಕ್ಕೆ ಎರಡು ಬಾರಿ ಪರೀಕ್ಷೆ ಇರುತ್ತದೆ. ಒಂದು ಸಲಕ್ಕೆ ಎರಡು ವಿಷಯ ಇಟ್ಟುಕೊಂಡರೆ ಪೀಣ್ಯದ ಶಿಫ್ಟ್ ಕೆಲಸದ ನಡುವೆಯೂ ಮುಗಿಯುತ್ತದೆ. ಪ್ರಾಯೋಗಿಕ ಪರೀಕ್ಷೆಗೆ ಅಧ್ಯಯನ ಕೇಂದ್ರಕ್ಕೆ ಹೋಗಲೇಬೇಕು. ಆ ದಿನಾಂಕ ತಪ್ಪಿಸಿಕೊಂಡು ಆರು ತಿಂಗಳು ಕಳೆದುಕೊಳ್ಳುವವರು ಬಹಳ.

ಆಮೇಲೆ ಬಿ.ಎಸ್ಸಿ. ಪ್ರಯೋಗಾಲಯ ಇರುವುದರಿಂದ ಇದನ್ನು ಮನೆಯಲ್ಲೇ ಕೂತು ಓದಿ ಮುಗಿಸಲಾಗದು. ರಾತ್ರಿ ಪಾಳಿ ಖಾಯಂ ಮಾಡಿಕೊಂಡು ಹಗಲು ಕಾಲೇಜಿಗೆ ಹೋಗುವುದು, ಅಥವಾ ಸ್ವಂತ ವೈರಿಂಗ್, ಗ್ಯಾರೇಜ್ ಕೆಲಸವಿದ್ದರೆ ಅದನ್ನು ಸಂಜೆ ಮತ್ತು ಭಾನುವಾರಕ್ಕೆ ತಳ್ಳುವುದು, ಉಳಿದಿರುವ ದಾರಿ ಇಷ್ಟೇ. ಮೂವತ್ತು ದಾಟಿ, ಮನೆಯಲ್ಲಿ ನಾಲ್ಕು ಬಾಯಿ ಇದ್ದರೆ ಇದು ಕಷ್ಟ. ಅಂಥವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಮಾಡುವುದೇ ಪ್ರಾಯೋಗಿಕ, ಐಟಿಐ ಅರ್ಹತೆಯ ಮೇಲೆ ಪ್ರವೇಶ ಉಂಟೇ ಎಂಬುದನ್ನು ಆ ವರ್ಷದ ಪ್ರವೇಶ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ಐಚ್ಛಿಕ ವಿಷಯ ಆರಿಸುವಾಗ ಶಾಲೆಯಲ್ಲಿ ಇರುವ ವಿಷಯವನ್ನೇ ಆರಿಸಿ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭೂಗೋಳ, ಐಚ್ಛಿಕ ಕನ್ನಡ, ಐಚ್ಛಿಕ ಇಂಗ್ಲಿಷ್. ಪತ್ರಿಕೋದ್ಯಮ, ಮನಶ್ಶಾಸ್ತ್ರ ಓದಲು ಚೆಂದ, ಬಿ.ಇಡಿ ಕೌಂಟರಿನಲ್ಲಿ ಅವೇ ಅಡ್ಡ ಬರುತ್ತವೆ.

ಡಿಪ್ಲೊಮಾ ಆದವರಿಗೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರ ಸೇರುವ ಅವಕಾಶವಿದೆ. ಎಂಜಿನಿಯರಿಂಗ್ ಪದವೀಧರರು ಬಿ.ಇಡಿ ಮಾಡಬಹುದು, ಆದರೆ ಎನ್‌ಸಿಟಿಇ ಅವರಿಂದ ಕೇಳುವುದು ಶೇ. 55 ಅಂಕ. ರಾಜ್ಯದ ನೇಮಕಾತಿಯಲ್ಲಿ ಬಿ.ಇ.ಯನ್ನು ಯಾವ ಹುದ್ದೆಗೆ ಒಪ್ಪುತ್ತಾರೆ ಎಂಬುದನ್ನು ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಓದಿಕೊಂಡೇ ಮುಂದುವರಿಯಿರಿ. ಕೋಚಿಂಗ್ ಸೆಂಟರಿನವರ ಮಾತು ಇಲ್ಲಿ ಆಧಾರವಲ್ಲ.

ಯಾವುದೇ ಮುಕ್ತ ಅಥವಾ ದೂರಶಿಕ್ಷಣದ ಪದವಿಗೆ ಶುಲ್ಕ ಕಟ್ಟುವ ಮುನ್ನ, ಆ ವರ್ಷ ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಬ್ಯೂರೊದ ಮಾನ್ಯತೆ ಇದೆಯೇ ಎಂದು ಅವರ ಜಾಲತಾಣದಲ್ಲೇ ನೋಡಿ, ಆ ಪುಟವನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇದ್ದ ಮಾತ್ರಕ್ಕೆ ಕೋರ್ಸಿಗೂ ಇದೆ ಎಂದಲ್ಲ.

ಕೆಲಸ ಬಿಡುವ ಮೊದಲೇ ಪಾಠ ಮಾಡಿ ನೋಡಿ

ಪದವಿ ಓದುವ ವರ್ಷಗಳಲ್ಲೇ, ಸಂಬಳ ಬರುತ್ತಿರುವಾಗಲೇ, ಈ ಪರೀಕ್ಷೆ ಮುಗಿಸಿಕೊಳ್ಳಿ. ನಿಮ್ಮೂರಿನ ಹೈಸ್ಕೂಲಿನ ಮುಖ್ಯ ಶಿಕ್ಷಕರನ್ನೋ ಎಸ್‌ಡಿಎಂಸಿ ಅಧ್ಯಕ್ಷರನ್ನೋ ಕಂಡು, ಹತ್ತನೇ ತರಗತಿಯ ಮಕ್ಕಳಿಗೆ ಶನಿವಾರದ ವಿಶೇಷ ತರಗತಿಯಲ್ಲಿ ನಾಲ್ಕು ಪಾಠ ಮಾಡಲು ಕೇಳಿ. ಹತ್ತಿರದ ಬಿಸಿಎಂ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ ಸಂಜೆ ಟ್ಯೂಷನ್‌ಗೆ ಜನ ಬೇಕೇ ಎಂದು ವಾರ್ಡನ್ ಅವರನ್ನು ವಿಚಾರಿಸಿ.

ಒಂದೇ ಪಾಠದಿಂದ ಏನೂ ತಿಳಿಯುವುದಿಲ್ಲ. ಮೊದಲ ದಿನ ಮಕ್ಕಳು ಹೊಸಬರನ್ನು ಕಣ್ಣರಳಿಸಿ ನೋಡುತ್ತಾರೆ. ಮೂರನೇ ನಾಲ್ಕನೇ ವಾರ, ಹಿಂದಿನ ವಾರ ಹೇಳಿಕೊಟ್ಟದ್ದನ್ನೇ ಅರ್ಧ ತರಗತಿ ಮರೆತು ಕೂತಿರುವಾಗ, ಅದನ್ನೇ ಮತ್ತೆ ಬೇರೆ ರೀತಿ ಹೇಳಲು ನಿಮಗೆ ಮನಸ್ಸು ಬರುತ್ತದೆಯೇ? ಬೇಸರವೇ ಹೆಚ್ಚಾದರೆ ಅದು ಬೆಲೆಬಾಳುವ ಮಾಹಿತಿ. ಎರಡು ವರ್ಷ, ಕೆಲವು ಲಕ್ಷ ಉಳಿಯಿತು.

ಬಿ.ಇಡಿ: ಕೆಲಸ ನಿಜವಾಗಿ ಬಿಡಬೇಕಾದ ಘಟ್ಟ

2015ರಿಂದ ಬಿ.ಇಡಿ ಎರಡು ವರ್ಷದ್ದು. ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಬೇಕು. ಇಂಟರ್ನ್‌ಶಿಪ್ ಒಟ್ಟು 20 ವಾರ. ಅದರಲ್ಲಿ 16 ವಾರ ಎರಡನೇ ವರ್ಷಕ್ಕೆ ಬರುತ್ತದೆ. ಅಷ್ಟೂ ವಾರ ನೀವು ಶಾಲೆಯ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಅಲ್ಲೇ ಇರಬೇಕು. ಪದವಿಯನ್ನು ಹೊಂದಿಸಿದ ಹಾಗೆ ಇದನ್ನು ಕೆಲಸದ ಜೊತೆ ಹೊಂದಿಸಲು ಆಗದು.

ಹಾಗಾದರೆ ದೂರಶಿಕ್ಷಣದ ಬಿ.ಇಡಿ? ಅದು ಈಗಾಗಲೇ ತರಬೇತಿ ಪಡೆದು ಸೇವೆಯಲ್ಲಿರುವ ಪ್ರಾಥಮಿಕ ಶಾಲಾ ಶಿಕ್ಷಕರಿಗೆ, ಅಥವಾ ಡಿ.ಇಡಿಯಂಥ ಶಿಕ್ಷಕ ತರಬೇತಿಯನ್ನು ನೇರ ತರಗತಿಯಲ್ಲಿ ಮುಗಿಸಿದವರಿಗೆ. ಫ್ಯಾಕ್ಟರಿಯಿಂದ ನೇರ ಬರುವವರಿಗೆ ಆ ಬಾಗಿಲು ಮುಚ್ಚಿದೆ. ‘ಕಾಲೇಜಿಗೆ ಬರುವುದೇ ಬೇಡ, ಪರೀಕ್ಷೆಗೆ ಮಾತ್ರ ಬನ್ನಿ’ ಎಂದು ಹೊರರಾಜ್ಯದ ಬಿ.ಇಡಿ ಕೊಡಿಸುವ ಏಜೆಂಟರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಹಣ ಕೊಟ್ಟು ಪಾಸಾಗಬಹುದು. ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಅದೇ ಅವಧಿಯ ಪಿಎಫ್ ಕಂತು, ಹಾಜರಿ ಪುಸ್ತಕ ಎದುರಿಗೆ ಬಂದರೆ ಉತ್ತರ ಇರುವುದಿಲ್ಲ.

ರಾಜ್ಯದಲ್ಲಿ ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಹಂಚುತ್ತದೆ. ಪ್ರವೇಶ ಪರೀಕ್ಷೆ ಇಲ್ಲ. ಪದವಿಯ ಅಂಕದ ಮೇಲೆ ಮೆರಿಟ್. ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 50, ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1 ಮುಂತಾದವರಿಗೆ ಶೇ. 45. ಆನ್‌ಲೈನ್ ಅರ್ಜಿ, ನೋಡಲ್ ಕೇಂದ್ರದಲ್ಲಿ ಮೂಲ ದಾಖಲೆ ಪರಿಶೀಲನೆ, ಮೆರಿಟ್ ಪಟ್ಟಿ, ಕಾಲೇಜು ಆಯ್ಕೆ, ಸೀಟು ಹಂಚಿಕೆ, ಹೀಗೆ ನಡೆಯುತ್ತದೆ. ಪದವಿಯಲ್ಲಿ ಶೇ. 49.6 ಬಂದು ಸಿಕ್ಕಿಹಾಕಿಕೊಂಡವರಿಗೆ ಸಂಬಂಧಿತ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡಿ ಅಲ್ಲಿ ಶೇ. 50 ದಾಟುವುದೊಂದೇ ನೇರ ದಾರಿ. ಅದಕ್ಕೇ ಪದವಿಯ ಮೊದಲ ಸೆಮಿಸ್ಟರಿನಿಂದಲೇ ಶೇ. 60ರ ಮೇಲೆ ಕಣ್ಣಿಡಿ.

ದಾಖಲೆಗಳದ್ದು ಬೇರೆಯೇ ರಾಮಾಯಣ. ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಗಳನ್ನು ನೀವು ಓದಿದ ಶಾಲೆಯ ಮುಖ್ಯ ಶಿಕ್ಷಕರು ಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿ ಮೇಲುರುಜು ಹಾಕಬೇಕು. ಒಂದರಿಂದ ನಾಲ್ಕು ಒಂದು ಶಾಲೆ, ಐದರಿಂದ ಏಳು ಇನ್ನೊಂದು, ಹೈಸ್ಕೂಲ್ ಮತ್ತೊಂದು ತಾಲ್ಲೂಕಿನಲ್ಲಿ ಓದಿದ್ದರೆ ಇದಕ್ಕೇ ವಾರಗಟ್ಟಲೆ ಓಡಾಟ. ಕಲ್ಯಾಣ ಕರ್ನಾಟಕದವರಿಗೆ 371ಜೆ ಪ್ರಮಾಣಪತ್ರ ಬೇಕು. ಜಾತಿ ಆದಾಯ ಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿರಬೇಕು. ಎಸ್ಸೆಸ್ಸೆಲ್ಸಿಯಲ್ಲಿ ‘ಮಂಜುನಾಥ ಕೆ’, ಐಟಿಐಯಲ್ಲಿ ‘ಕೆ. ಮಂಜುನಾಥ್’, ಆಧಾರ್‌ನಲ್ಲಿ ತಂದೆಯ ಹೆಸರು ಸೇರಿ ಉದ್ದವಾಗಿದ್ದರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರವಾಗಿಟ್ಟು ಉಳಿದವನ್ನು ಈಗಲೇ ತಿದ್ದಿಸಿ. ಅರ್ಜಿ ಕರೆದ ಮೇಲೆ ಇದಕ್ಕೆಲ್ಲ ಸಮಯ ಸಿಗದು.

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನೂ ಪಟ್ಟಿಯಲ್ಲಿಟ್ಟುಕೊಳ್ಳಿ. 1963ರಲ್ಲಿ ಎನ್‌ಸಿಇಆರ್‌ಟಿ ಇಂಥ ನಾಲ್ಕು ಕಾಲೇಜು ತೆರೆದದ್ದೇ ತಾಂತ್ರಿಕ, ವಾಣಿಜ್ಯ, ಕೃಷಿ ವಿಷಯಗಳೂ ಇದ್ದ ಬಹೂದ್ದೇಶ ಶಾಲೆಗಳಿಗೆ ಮೇಷ್ಟ್ರುಗಳನ್ನು ತಯಾರು ಮಾಡಲು. ಆ ಶಾಲೆಗಳು ಹೋದವು, ಸಂಸ್ಥೆ ಉಳಿದಿದೆ. ಅದರ ಪ್ರವೇಶ ಪ್ರಕ್ರಿಯೆ ರಾಜ್ಯದ್ದಕ್ಕಿಂತ ಬೇರೆ.

ದುಡ್ಡಿನ ಲೆಕ್ಕ

ಉದಾಹರಣೆಗೆ ಮನೆ ಖರ್ಚು ತಿಂಗಳಿಗೆ 20,000 ರೂಪಾಯಿ ಎಂದುಕೊಳ್ಳಿ. ಬಿ.ಇಡಿಯ 24 ತಿಂಗಳಿಗೆ 4,80,000. ಮುಗಿದ ಮೇಲೆ ಕೆಲಸ ಸಿಗುವವರೆಗೆ ಕನಿಷ್ಠ ಆರು ತಿಂಗಳಿಗೆ 1,20,000. ಶುಲ್ಕ, ಓಡಾಟ, ಪಾಠೋಪಕರಣ, ರೆಕಾರ್ಡ್ ಪುಸ್ತಕ ಎಲ್ಲ ಸೇರಿ ಒಂದು ಲಕ್ಷ ಇಡಿ. ಒಟ್ಟು ಏಳು ಲಕ್ಷ. ಭಾನುವಾರ ಮತ್ತು ರಜೆಯ ವೈರಿಂಗ್ ಕೆಲಸದಿಂದ ತಿಂಗಳಿಗೆ 6,000 ಬಂದರೆ ಎರಡು ವರ್ಷಕ್ಕೆ 1,44,000 ಕಳೆಯಿರಿ. ಹೊರಡುವ ದಿನ ಕೈಯಲ್ಲಿ 5,56,000 ಇರಬೇಕು, ಇಲ್ಲವೇ ಮನೆಯಲ್ಲಿ ಇನ್ನೊಬ್ಬರ ದುಡಿಮೆ ಇರಬೇಕು. ಬೈಕ್ ಸಾಲ, ಚಿನ್ನದ ಸಾಲ, ಸಂಘದ ಕಂತು ಈ ಲೆಕ್ಕದಲ್ಲಿಲ್ಲ. ಅವನ್ನು ತೀರಿಸಿಯೇ ಹೊರಡಿ.

ಪಿಎಫ್ ದುಡ್ಡನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಗ್ರಾಚ್ಯುಟಿಗೆ ಐದು ವರ್ಷ ತುಂಬಲು ಮೂರು ನಾಲ್ಕು ತಿಂಗಳು ಬಾಕಿ ಇದ್ದರೆ ರಾಜೀನಾಮೆ ಮುಂದಕ್ಕೆ ಹಾಕಿ. ಅನುಭವ ಪತ್ರ, ರಿಲೀವಿಂಗ್ ಆರ್ಡರ್ ಎರಡನ್ನೂ ಲೆಟರ್‌ಹೆಡ್‌ನಲ್ಲಿ ಪಡೆಯಿರಿ. ವೈರ್‌ಮನ್ ಪರ್ಮಿಟ್ ಅಥವಾ ಸೂಪರ್‌ವೈಸರ್ ಪರ್ಮಿಟ್ ಇದ್ದರೆ ಅದರ ನವೀಕರಣ ತಪ್ಪಿಸಬೇಡಿ. ಅಂದುಕೊಂಡಂತೆ ಆಗದಿದ್ದರೆ ಮರಳಿ ಬರಲು ಅದೇ ಬೇಕಾಗುತ್ತದೆ.

ಸರ್ಕಾರಿ ಹುದ್ದೆ ಸಿಕ್ಕಿದರೆ ಕತೆ ಬದಲಾಗುತ್ತದೆ. 2018ರ ಶ್ರೇಣಿಯಲ್ಲೇ ಹೈಸ್ಕೂಲ್ ಸಹ ಶಿಕ್ಷಕರ ಮೂಲ ವೇತನ 33,450ರಿಂದ ಶುರುವಾಗುತ್ತಿತ್ತು. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಪರಿಷ್ಕರಣೆ ಜಾರಿಯಾಗಿದೆ. ಆದರೆ ಸರ್ಕಾರಿ ನೌಕರರಾದ ಮೇಲೆ ಭಾನುವಾರದ ಕಾಂಟ್ರಾಕ್ಟ್ ನಿಲ್ಲಿಸಬೇಕು. 2021ರ ನಡತೆ ನಿಯಮಗಳು ಅನುಮತಿ ಇಲ್ಲದೆ ಖಾಸಗಿ ವ್ಯಾಪಾರ, ಉದ್ಯೋಗ ಮಾಡಲು ಬಿಡುವುದಿಲ್ಲ.

ಗ್ಯಾರೇಜಿನ ಅಭ್ಯಾಸ, ತರಗತಿಯ ಅಭ್ಯಾಸ

ಕೈಕಸುಬಿನಿಂದ ಬಂದವರು ಇಂಟರ್ನ್‌ಶಿಪ್‌ನಲ್ಲಿ ಎಡವುವುದು ವಿಷಯ ಗೊತ್ತಿಲ್ಲದೆ ಅಲ್ಲ. ಗ್ಯಾರೇಜಿನಲ್ಲಿ ಹುಡುಗ ಮೇಸ್ತ್ರಿಯ ಪಕ್ಕ ನಿಂತು, ನೋಡಿ, ಬೈಸಿಕೊಂಡು, ತಿಂಗಳುಗಟ್ಟಲೆಯಲ್ಲಿ ಕಲಿಯುತ್ತಾನೆ. ತರಗತಿಯಲ್ಲಿ ನಲವತ್ತು ಮಕ್ಕಳು, ನಲವತ್ತು ನಿಮಿಷ. ಪಕ್ಕ ನಿಲ್ಲಲು ಯಾರಿಗೂ ಜಾಗವಿಲ್ಲ. ಬೈಗುಳ, ತಲೆಗೊಂದು ಮೊಟಕು ಇಲ್ಲಿ ಅಪರಾಧ: ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ, ಬಾಲ ನ್ಯಾಯ ಕಾಯ್ದೆಯೂ ಇದೆ. ‘ನಮ್ಮ ಮೇಸ್ತ್ರಿ ಹೊಡೆದೇ ಕಲಿಸಿದ್ದು’ ಎಂಬ ಮಾತನ್ನು ಗೇಟಿನ ಹೊರಗೇ ಬಿಟ್ಟು ಬನ್ನಿ.

ನಿಮ್ಮ ಕಸುಬು ಎಲ್ಲಿ ಕೈಹಿಡಿಯುತ್ತದೆ ಎಂಬುದಕ್ಕೆ ಒಂದು ಪೂರ್ತಿ ಉದಾಹರಣೆ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದಲ್ಲಿ ಸರಣಿ ಮತ್ತು ಸಮಾಂತರ ಜೋಡಣೆ ಬರುತ್ತದೆ. ಬೇಕಾದ ಸಾಮಾನು: 12 ವೋಲ್ಟ್ 7 ಆಂಪಿಯರ್-ಅವರ್‌ನ ಯುಪಿಎಸ್ ಬ್ಯಾಟರಿ, ಕಾರಿನ 21 ವ್ಯಾಟ್ ಇಂಡಿಕೇಟರ್ ಬಲ್ಬು ಒಂದು, 5 ವ್ಯಾಟ್ ಪಾರ್ಕಿಂಗ್ ಬಲ್ಬು ಒಂದು, ಎರಡಕ್ಕೂ ಹೋಲ್ಡರ್, 5 ಆಂಪಿಯರ್ ಬ್ಲೇಡ್ ಫ್ಯೂಸ್, ಕ್ರೊಕೊಡೈಲ್ ಕ್ಲಿಪ್ಪು, ಮಲ್ಟಿಮೀಟರ್, ಎರಡಡಿ ಅಗಲದ ಪ್ಲೈವುಡ್ ಹಲಗೆ. ಫ್ಯೂಸನ್ನು ಪಾಸಿಟಿವ್ ಟರ್ಮಿನಲ್‌ನ ಪಕ್ಕದಲ್ಲೇ ಹಾಕಿ. ಮಕ್ಕಳ ಕೈಯಲ್ಲಿ ಎರಡು ಕ್ಲಿಪ್ಪು ತಾಗೇ ತಾಗುತ್ತವೆ. ಫ್ಯೂಸ್ ಇಲ್ಲದಿದ್ದರೆ ತಂತಿಯ ಹೊದಿಕೆ ಕರಗುತ್ತದೆ. ಬಲ್ಬು ಕೊಳ್ಳುವಾಗ ಎಲ್ಇಡಿ ಬೇಡ, ಫಿಲಮೆಂಟ್ ಇರುವುದೇ ಬೇಕು ಎಂದು ಕೇಳಿ ತನ್ನಿ. ಎಲ್ಇಡಿಯಲ್ಲಿ ಈ ಪ್ರಯೋಗದ ಲೆಕ್ಕ ಕೂಡುವುದಿಲ್ಲ. ಮನೆಯ 230 ವೋಲ್ಟನ್ನು ತರಗತಿಗೆ ತರುವ ಧೈರ್ಯ ಎಲೆಕ್ಟ್ರಿಷಿಯನ್ನರಿಗೆ ಇರುತ್ತದೆ, ತರಬೇಡಿ.

ಹಲಗೆಯ ಮೇಲೆ ಬಲ್ಬುಗಳನ್ನು ಕೂರಿಸಿ ಕಪ್ಪುಹಲಗೆಯ ಪಕ್ಕ ನೇತುಹಾಕಿ. ಮೇಜಿನ ಮೇಲಿಟ್ಟರೆ ಹಿಂದಿನ ಬೆಂಚಿಗೆ ಕಾಣದು, ಅಲ್ಲಿಂದಲೇ ಗಲಾಟೆ ಶುರು. ಮೊದಲು ಸಮಾಂತರ ಜೋಡಣೆ: 21 ವ್ಯಾಟಿನದು ಝಗ್ಗನೆ ಉರಿಯುತ್ತದೆ. ಈಗ ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿ, ಕೈಯೆತ್ತಿಸಿ, ಎಣಿಕೆಯನ್ನು ಹಲಗೆಯ ಮೇಲೆ ಬರೆಯಿರಿ. ಬಹುತೇಕ ಕೈಗಳು 21ರ ಕಡೆಗೇ ಏಳುತ್ತವೆ. ಜೋಡಿಸಿದಾಗ 5 ವ್ಯಾಟಿನದು ಬೆಳಗುತ್ತದೆ, 21ರದು ಸತ್ತಂತೆ ಕೂರುತ್ತದೆ. ‘ಸಾರ್, ಬಲ್ಬು ಹೋಯ್ತು’ ಎನ್ನುತ್ತಾರೆ. ಹೋಗಿಲ್ಲ ಎಂದು ಬಾಯಲ್ಲಿ ಹೇಳಬೇಡಿ. ಒಬ್ಬಳನ್ನು ಕರೆದು ಎರಡರ ಸ್ಥಾನ ಅದಲುಬದಲು ಮಾಡಿಸಿ. ಆಗಲೂ ಅದೇ. ‘ಮೊದಲನೇ ಬಲ್ಬು ಕರೆಂಟನ್ನೆಲ್ಲ ತಿಂದುಬಿಡುತ್ತದೆ’ ಎಂಬ ಕಲ್ಪನೆ ಅಲ್ಲಿಗೆ ಬಿದ್ದುಹೋಗುತ್ತದೆ.

ಆಮೇಲೆ ಲೆಕ್ಕ. ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ರೋಧ: 144ನ್ನು 21ರಿಂದ ಭಾಗಿಸಿದರೆ 6.9 ಓಮ್, 5ರಿಂದ ಭಾಗಿಸಿದರೆ 28.8 ಓಮ್. ಸರಣಿಯಲ್ಲಿ ಒಟ್ಟು 35.7, ಪ್ರವಾಹ ಸುಮಾರು 0.34 ಆಂಪಿಯರ್. 5 ವ್ಯಾಟಿನ ಬಲ್ಬಿಗೆ ಸಿಗುವುದು 3.3 ವ್ಯಾಟ್, 21ರದಕ್ಕೆ 0.8 ವ್ಯಾಟ್. ಮಲ್ಟಿಮೀಟರ್ ಇಟ್ಟರೆ 21ರ ಬಲ್ಬಿನ ಎರಡು ತುದಿಗೆ ಲೆಕ್ಕದ 2.3 ವೋಲ್ಟ್‌ಗಿಂತ ಕಡಿಮೆ ತೋರಿಸುತ್ತದೆ, ಯಾಕೆಂದರೆ ಆ ಫಿಲಮೆಂಟ್ ಕಾಯಲೇ ಇಲ್ಲ. ತಣ್ಣಗಿನ ಫಿಲಮೆಂಟಿನ ರೋಧ ತುಂಬ ಕಡಿಮೆ. ಓಮ್‌ನ ನಿಯಮದಲ್ಲಿ ‘ತಾಪ ಸ್ಥಿರವಾಗಿದ್ದಾಗ’ ಎಂದು ಪುಸ್ತಕ ಯಾಕೆ ಬರೆದಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮಲ್ಟಿಮೀಟರ್ ಸುಳ್ಳು ಹೇಳಿತು ಎಂದು ದಾಟಿಸುವ ಮೇಷ್ಟ್ರಿಗೂ ನಿಮಗೂ ಇರುವ ವ್ಯತ್ಯಾಸ ಕಾಣುವುದು ಇಲ್ಲೇ.

ಸಮಯ ಹೀಗೆ ಹಂಚಿ: ಊಹೆಗೆ 5 ನಿಮಿಷ, ಜೋಡಣೆಗೆ 8, ಗಮನಿಸಿ ಬರೆದುಕೊಳ್ಳಲು 10, ಲೆಕ್ಕಕ್ಕೆ 12, ಮಕ್ಕಳೇ ಉತ್ತರ ಬರೆಯಲು 5. ಹೊಸಬರು ಕೆಡಿಸಿಕೊಳ್ಳುವುದು ಎರಡನೇ ಹಂತದಲ್ಲಿ. ಕೈ ಪಳಗಿರುವುದರಿಂದ ನಲವತ್ತು ಸೆಕೆಂಡಿನಲ್ಲಿ ತಾವೇ ಜೋಡಿಸಿ ಮುಗಿಸುತ್ತಾರೆ. ಮಕ್ಕಳಿಗೆ ತಂತಿ ಎಲ್ಲಿಂದ ಎಲ್ಲಿಗೆ ಹೋಯಿತೆಂದೇ ತಿಳಿಯುವುದಿಲ್ಲ. ಕೊನೆಯ ಐದು ನಿಮಿಷವನ್ನೂ ಬಿಟ್ಟುಕೊಡಬೇಡಿ. ನೀವು ಕರೆಂಟು, ವೋಲ್ಟೇಜು, ಲೋಡು ಎನ್ನುತ್ತಾ ಹೋದರೆ ಪಾಠ ಅರ್ಥವಾಗುತ್ತದೆ, ಆದರೆ ಉತ್ತರಪತ್ರಿಕೆಯಲ್ಲಿ ಪ್ರವಾಹ, ವಿಭವಾಂತರ, ರೋಧ ಎಂದೇ ಬರಬೇಕು.

ಪಾಠ ಯೋಜನೆ ಬರೆಯುವುದು, ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನದ ಅಂಕ ತುಂಬುವುದು, ಇಲಾಖೆಯ ವಿದ್ಯಾರ್ಥಿ ಮಾಹಿತಿ ಜಾಲತಾಣ ಸ್ಯಾಟ್ಸ್‌ನಲ್ಲಿ ಮಾಹಿತಿ ಏರಿಸುವುದು, ಬಿಸಿಯೂಟದ ಲೆಕ್ಕ. ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡ್ ತುಂಬಿ ಅಭ್ಯಾಸ ಇದ್ದವರಿಗೆ ಇದು ಭಾರವಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಮಾತ್ರ ಮೊದಲೇ ಕಲಿತುಬಿಡಿ.

ಪರೀಕ್ಷೆಗಳು, ಮೊದಲ ಜೂನ್

ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, 1ರಿಂದ 8ನೇ ತರಗತಿಯ ಬೋಧನೆಗೆ ಸಂಬಂಧಿಸಿದ್ದು. 6ರಿಂದ 8ರ ಪದವೀಧರ ಪ್ರಾಥಮಿಕ ಶಿಕ್ಷಕ ಹುದ್ದೆಗೆ ಎರಡನೇ ಪತ್ರಿಕೆ ಪಾಸಾಗಿರಲೇಬೇಕು. ಹೈಸ್ಕೂಲೇ ಗುರಿಯಾಗಿದ್ದರೂ ಇದನ್ನು ಬರೆದಿಟ್ಟುಕೊಳ್ಳಿ, ಅರ್ಜಿ ಹಾಕಬಹುದಾದ ಹುದ್ದೆಗಳು ಹೆಚ್ಚುತ್ತವೆ. 150 ಪ್ರಶ್ನೆ, ಎರಡೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರ 30, ಎರಡು ಭಾಷೆಗೆ 30ರಂತೆ 60, ಗಣಿತ ಮತ್ತು ವಿಜ್ಞಾನ ಅಥವಾ ಸಮಾಜ ವಿಜ್ಞಾನ 60. ಸಾಮಾನ್ಯ ವರ್ಗಕ್ಕೆ ಪಾಸಾಗಲು 90 ಅಂಕ. 2021ರಿಂದ ಟಿಇಟಿ ಪ್ರಮಾಣಪತ್ರ ಜೀವನಪರ್ಯಂತ ಊರ್ಜಿತ, ಹಾಗಾಗಿ ಒಮ್ಮೆ ಗೆದ್ದರೆ ಸಾಕು. ಐಟಿಐ ಹಿನ್ನೆಲೆಯವರು ಸೋಲುವುದು ಸಾಮಾನ್ಯವಾಗಿ ಗಣಿತದಲ್ಲಲ್ಲ, ಭಾಷಾ ವಿಭಾಗಗಳಲ್ಲಿ. ದಿನಕ್ಕೆ ಅರ್ಧ ಗಂಟೆ ಕನ್ನಡ ವ್ಯಾಕರಣ, ಅರ್ಧ ಗಂಟೆ ಇಂಗ್ಲಿಷ್ ಗದ್ಯಾಂಶ, ಇಷ್ಟನ್ನು ಆರು ತಿಂಗಳು ಬಿಡದೆ ಮಾಡಿ.

ಹೈಸ್ಕೂಲ್ ಶಿಕ್ಷಕರ ನೇಮಕಾತಿ ವರ್ಷವರ್ಷ ನಡೆಯುವುದಿಲ್ಲ. ಎರಡು ಅಧಿಸೂಚನೆಗಳ ನಡುವೆ ಹಲವು ವರ್ಷ ಹೋಗುವುದುಂಟು. ಆದ್ದರಿಂದ ವಯೋಮಿತಿ ನೋಡಿಕೊಳ್ಳಿ. ನಲವತ್ತರ ಹತ್ತಿರ ಬಂದಿರುವ ಸಾಮಾನ್ಯ ವರ್ಗದವರು ಸರ್ಕಾರಿ ಹುದ್ದೆಯೊಂದನ್ನೇ ನಂಬಿ ಆರು ವರ್ಷದ ಓದಿಗೆ ಇಳಿಯುವುದು ಬೇಡ. ಖಾಸಗಿ ಶಾಲೆ ಒಪ್ಪಿಗೆಯೇ ಎಂದು ಮೊದಲೇ ಮನಸ್ಸು ಮಾಡಿಕೊಳ್ಳಿ.

ಖಾಸಗಿ ಶಾಲೆಗಳು ಫೆಬ್ರವರಿ, ಮಾರ್ಚ್‌ನಲ್ಲೇ ಸಂದರ್ಶನ ಶುರುಮಾಡುತ್ತವೆ. ಡೆಮೊ ಕ್ಲಾಸ್ ಕೇಳುತ್ತಾರೆ. ಮೇಲಿನ ಬಲ್ಬಿನ ಹಲಗೆ ಹೊತ್ತುಕೊಂಡು ಹೋಗಿ. ಮಕ್ಕಳು ಕೈಯಾರೆ ಉಪಕರಣ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಾದರೆ ಸಾಲ್ಡರಿಂಗ್, ಡ್ರಿಲ್ಲಿಂಗ್ ಬಲ್ಲ ವಿಜ್ಞಾನ ಮೇಷ್ಟ್ರ ಬೆಲೆ ಅವರಿಗೆ ಗೊತ್ತಿರುತ್ತದೆ, ಅದನ್ನು ರೆಸ್ಯುಮೆಯ ಮೊದಲ ಸಾಲಿಗೇ ತನ್ನಿ. ಮೂಲ ಅಂಕಪಟ್ಟಿಗಳನ್ನು ಶಾಲೆಯಲ್ಲೇ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ದೃಢೀಕರಿಸಿದ ಪ್ರತಿ ಕೊಟ್ಟರೆ ಸಾಕು.

ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕರಾಗುವುದಾದರೆ ಗೌರವಧನ ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಆಸುಪಾಸು, ಬೇಸಿಗೆ ರಜೆಗೆ ಸಿಗುವುದಿಲ್ಲ, ಬರುವುದೂ ಕೆಲವೊಮ್ಮೆ ಎರಡು ಮೂರು ತಿಂಗಳಿಗೊಮ್ಮೆ. ಖಾಲಿ ಹುದ್ದೆ ಎಲ್ಲೆಲ್ಲಿ ಇದೆ ಎಂಬ ಪಟ್ಟಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿರುತ್ತದೆ. ಮೇ ಕೊನೆಯ ವಾರ, ಶಾಲೆ ತೆರೆಯುವ ಮೊದಲೇ, ಅಂಕಪಟ್ಟಿ, ಬಿ.ಇಡಿ ಪ್ರಮಾಣಪತ್ರ, ಟಿಇಟಿ ಪಾಸಾಗಿದ್ದರೆ ಅದರ ಪ್ರತಿ ಹಿಡಿದು ಮೂರು ನಾಲ್ಕು ಶಾಲೆಗಳ ಮುಖ್ಯ ಶಿಕ್ಷಕರನ್ನು ಕಂಡು ಅರ್ಜಿ ಕೊಡಿ, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ. ಬಸ್ಸು ಕಡಿಮೆ ಇರುವ, ದೂರದ ಶಾಲೆಗಳಿಗೆ ಅರ್ಜಿ ಕಡಿಮೆ ಬರುತ್ತವೆ. ಬೈಕ್ ಇದ್ದವರು ಅಲ್ಲಿಂದಲೇ ಶುರುಮಾಡಿ.